ಅಂತರ್ಜಾಲದ ಹರಾಜೂ ಶ್ರಾವಕನ ಅಣುವ್ರತವೂ

ವ್ರತವೆಂದೊಡನೆ ನಮ್ಮಲ್ಲಿ ಅನೇಕರ ಮನಸ್ಸಿಗೆ ಬರುವುದು ಉಪವಾಸ, ಏಕಭುಕ್ತ, ರಸತ್ಯಾಗ ಮೊದಲಾದ ಆಹಾರದ ನಿಯಮಗಳು. ಇವು ವ್ರತಗಳೇ ಹೌದು. ಇವುಗಳ ಮಹತ್ತ್ವವನ್ನು ಯಾರೂ ಅಲ್ಲಗಳೆಯಲಾರರು. ಆದರೆ ಸತ್ಯಾಣುವ್ರತ ಮತ್ತು ಅಚೌರ್ಯಾಣುವ್ರತಗಳಿಗೆ ಆಚಾರ್ಯರು ಹೇಳಿದ ಅತಿಚಾರಗಳನ್ನು ಒಂದೊಂದಾಗಿ ಎಣಿಸಿ ನೋಡಿದರೆ, ಅವರ ದೃಷ್ಟಿ ಅಡುಗೆಮನೆಯನ್ನು ದಾಟಿ ಅಂಗಡಿಯ ಗದ್ದಿಗೆಯವರೆಗೂ ಹರಿದಿರುವುದು ಸ್ಪಷ್ಟವಾಗುತ್ತದೆ. ಕೂಟಲೇಖಕ್ರಿಯೆ ಎಂದರೆ ಸುಳ್ಳು ಪತ್ರ. ನ್ಯಾಸಾಪಹಾರ ಎಂದರೆ ನಂಬಿ ಇಟ್ಟ ಒತ್ತೆಯನ್ನು ನುಂಗುವುದು. ಹೀನಾಧಿಕಮಾನೋನ್ಮಾನ ಎಂದರೆ ಕೊಳ್ಳುವಾಗ ಒಂದು ಅಳತೆ, ಕೊಡುವಾಗ ಇನ್ನೊಂದು ಅಳತೆ. ಪ್ರತಿರೂಪಕವ್ಯವಹಾರ ಎಂದರೆ ಬೆರಕೆಯ ವ್ಯಾಪಾರ. ಇವೆಲ್ಲವೂ ಕೊಡುಕೊಳ್ಳುವ ಮನುಷ್ಯನ ದೋಷಗಳು. ಹೊಟ್ಟೆಯನ್ನು ಬರಿದಾಗಿಟ್ಟುಕೊಂಡು ತಕ್ಕಡಿಯನ್ನು ವಾಲಿಸಿದವನಿಗೆ ಉಪವಾಸದ ಫಲ ಎಷ್ಟರಮಟ್ಟಿಗೆ ದಕ್ಕೀತು ಎಂಬುದನ್ನು ವಿವೇಕಿಗಳಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಈಗ ಅಂಗಡಿಯ ರೂಪ ಬದಲಾಗಿದೆ. ಕೈಯಲ್ಲಿರುವ ಮೊಬೈಲಿನೊಳಗೇ ಸಂತೆ ಸೇರುತ್ತದೆ. ಅಲ್ಲಿಯೇ ಹರಾಜು ನಡೆಯುತ್ತದೆ. ಹಳೆಯ ನಾಣ್ಯ, ಅಂಚೆಚೀಟಿ, ಗಡಿಯಾರಗಳಿಂದ ಹಿಡಿದು ಬ್ಯಾಂಕುಗಳು ಜಪ್ತಿ ಮಾಡಿದ ಮನೆ ನಿವೇಶನಗಳವರೆಗೆ ಎಲ್ಲವೂ ಇಂದು ಈ ಬಗೆಯ ಇ-ಹರಾಜಿನಲ್ಲಿ ವಿಕ್ರಯವಾಗುತ್ತಿವೆ. ಹರಾಜೆಂಬುದು ನಮಗೆ ಹೊಸದೇನೂ ಅಲ್ಲ. ಪಂಚಕಲ್ಯಾಣದಲ್ಲಿಯೂ ಅಭಿಷೇಕದ ಸಂದರ್ಭದಲ್ಲಿಯೂ ಕಲಶಕ್ಕೆ ಸವಾಲು ಕೂಗುವುದನ್ನು ನಮ್ಮ ಮನೆಗಳ ಮಕ್ಕಳೂ ಕೇಳಿ ಬಲ್ಲರು. ಆದರೆ ಅಲ್ಲಿಯ ಸವಾಲು ತ್ಯಾಗದ ಸವಾಲು. ಕಡಿಮೆ ಕೊಟ್ಟು ಕಲಶ ಹೊಡೆದುಕೊಳ್ಳಬೇಕೆಂದು ಯಾವ ಶ್ರಾವಕನೂ ಉಪಾಯ ಹೂಡುವುದಿಲ್ಲ. ಅಲ್ಲಿ ಕಾದುಕೊಳ್ಳಬೇಕಾದದ್ದು ಮಾನಕಷಾಯದಿಂದ. ಅಂತರ್ಜಾಲದ ಹರಾಜಿನಲ್ಲಾದರೋ ಮಾನದ ಜೊತೆಗೆ ಮಾಯೆಯೂ ಲೋಭವೂ ಸಂಗಡ ಬರುತ್ತವೆ. ಅಲ್ಲಿ ಉಪಾಯ ಹೂಡಿ ಬೆಲೆ ಕಟ್ಟುವುದು ಜಾಣತನವೋ, ಅತಿಚಾರವೋ? ಎಲ್ಲಿಯವರೆಗೆ ಅದು ವಿವೇಕ, ಎಲ್ಲಿಂದ ಮುಂದೆ ಅದು ವಂಚನೆ? ಈ ಪ್ರಶ್ನೆಯನ್ನು ಸ್ವಲ್ಪ ವಿಸ್ತಾರವಾಗಿ ವಿಚಾರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಮೊದಲು ಈ ಹರಾಜಿನ ಕ್ರಮವನ್ನು ತಿಳಿಯೋಣ. 1995 ರ ಸೆಪ್ಟೆಂಬರಿನಲ್ಲಿ ಅಮೆರಿಕದ ಪಿಯರ್ ಒಮಿಡ್ಯಾರ್ ಎಂಬವರು ‘ಆಕ್ಷನ್‌ವೆಬ್’ ಎಂಬ ಹೆಸರಿನಲ್ಲಿ ಒಂದು ಹರಾಜಿನ ತಾಣವನ್ನು ಆರಂಭಿಸಿದರು. ಅದೇ ಮುಂದೆ 1997 ರಲ್ಲಿ ‘ಈಬೇ’ ಎಂಬ ಹೆಸರನ್ನು ತಳೆಯಿತು. ಅಲ್ಲಿ ಮೊದಲು ಮಾರಾಟವಾದದ್ದು ಕೆಟ್ಟುಹೋಗಿದ್ದ ಒಂದು ಲೇಸರ್ ಪಾಯಿಂಟರು. ಬಂದ ಬೆಲೆ 14.83 ಡಾಲರು. ಕೆಟ್ಟ ವಸ್ತುವಿಗೂ ಲೋಕದಲ್ಲಿ ಎಲ್ಲೋ ಒಬ್ಬ ಆಶಾವಂತನಿರುತ್ತಾನೆ ಎಂಬ ಈ ಸಂಗತಿಯನ್ನು ವ್ಯಾಪಾರಿಯು ಶುಭಶಕುನವೆಂದು ತಿಳಿದಾನು. ಪರಿಗ್ರಹದ ಸ್ವರೂಪವನ್ನು ಚಿಂತಿಸುವವನಿಗೆ ಅದು ಬೇರೊಂದು ಪಾಠ. ನಮ್ಮ ದೇಶದ ‘ಬಾಜಿ.ಕಾಮ್’ ತಾಣವನ್ನು 2004 ರಲ್ಲಿ ಈಬೇ ಕೊಂಡಿತು. ಭಾರತದ ಈ ಶಾಖೆ 2018 ರಲ್ಲಿ ಮುಚ್ಚಿತಾದರೂ ಹೊರದೇಶದ ತಾಣಗಳ ಮೂಲಕ ಕೊಳ್ಳುವ ಹವ್ಯಾಸಿಗಳು ನಮ್ಮಲ್ಲಿ ಇದ್ದೇ ಇದ್ದಾರೆ.

ಈ ತಾಣದಲ್ಲಿ ಕೊಳ್ಳುವವನು ತಾನು ಕೊಡಬಲ್ಲ ಗರಿಷ್ಠ ಬೆಲೆಯನ್ನು ಗುಟ್ಟಾಗಿ ಯಂತ್ರಕ್ಕೆ ತಿಳಿಸಿಡಬಹುದು. ಯಂತ್ರವು ಅವನ ಪರವಾಗಿ, ಬೇಕಾದಷ್ಟು ಮಾತ್ರವೇ, ಮೆಟ್ಟಿಲು ಮೆಟ್ಟಿಲಾಗಿ ಸವಾಲನ್ನು ಏರಿಸುತ್ತ ಹೋಗುತ್ತದೆ. ಉದಾಹರಣೆಗೆ, ಒಬ್ಬನು ಒಂದು ಹಳೆಯ ನಾಣ್ಯಕ್ಕೆ 2000 ರೂಪಾಯಿಗಳ ಮಿತಿಯನ್ನೂ, ಇನ್ನೊಬ್ಬನು 1500 ರೂಪಾಯಿಗಳ ಮಿತಿಯನ್ನೂ ಇಟ್ಟಿದ್ದಾರೆನ್ನೋಣ. ಒಂದು ಮೆಟ್ಟಿಲು 50 ರೂಪಾಯಿ ಎನ್ನೋಣ. ಆಗ ಮೊದಲನೆಯವನಿಗೆ ನಾಣ್ಯ 1550 ಕ್ಕೆ ದೊರೆಯುತ್ತದೆಯೇ ಹೊರತು 2000 ಕ್ಕೆ ಅಲ್ಲ. ಗೆದ್ದವನು ಕೊಡುವ ಬೆಲೆಯನ್ನು ನಿರ್ಣಯಿಸುವುದು ಸೋತವನ ಮಿತಿ.

ಈ ಬಗೆಯ ಹರಾಜಿನ ತತ್ತ್ವವನ್ನು ಅರ್ಥಶಾಸ್ತ್ರಜ್ಞ ವಿಲಿಯಂ ವಿಕ್ರಿ 1961 ರಷ್ಟು ಹಿಂದೆಯೇ ಗಣಿತದಿಂದ ವಿವರಿಸಿದ್ದರು. 1996 ರಲ್ಲಿ ಅವರಿಗೆ ನೊಬೆಲ್ ಪಾರಿತೋಷಿಕ ಸಂದಿತು. ಗೆದ್ದವನು ಎರಡನೆಯವನ ಬೆಲೆಯನ್ನು ಕೊಡುವ ನಿಯಮವಿದ್ದರೆ, ತನಗೆ ಆ ವಸ್ತುವಿನ ನಿಜವಾದ ಬೆಲೆ ಎಷ್ಟೋ ಅಷ್ಟನ್ನೇ ಬರೆದಿಡುವುದು ಲಾಭದೃಷ್ಟಿಯಿಂದಲೂ ಉತ್ತಮ ಮಾರ್ಗ ಎಂಬುದು ಅವರ ಸಿದ್ಧಾಂತ. ಕಡಿಮೆ ಬರೆದರೆ ಗೆಲ್ಲಬೇಕಾದದ್ದನ್ನು ಕಳೆದುಕೊಳ್ಳುತ್ತೇವೆ. ಹೆಚ್ಚು ಬರೆದರೆ ಬೇಡದ ಬೆಲೆಗೆ ಗಂಟುಬೀಳುತ್ತೇವೆ. ಅಂತರಂಗದಲ್ಲಿರುವುದನ್ನೇ ಬರೆಯುವುದು ಲೌಕಿಕ ಗಣಿತಕ್ಕೂ ಸಮ್ಮತವಾಯಿತೆಂಬುದು ಗಮನಾರ್ಹ. ನಿಯಮವು ಸರಿಯಾಗಿದ್ದಲ್ಲಿ ಋಜುತ್ವಕ್ಕೆ ನಷ್ಟವಿಲ್ಲ.

ಇಲ್ಲಿ ಒಂದು ಶಂಕೆ ಏಳಬಹುದು. ತನ್ನ ಮಿತಿಯನ್ನು ಮಾರುವವನಿಗೂ ಇತರ ಕೊಳ್ಳುವವರಿಗೂ ತಿಳಿಸದೆ ಗುಟ್ಟಾಗಿಡುವುದೇ ಅಸತ್ಯವಲ್ಲವೇ? ಅಲ್ಲವೆಂದೇ ಉತ್ತರ. ಸ್ಥೂಲವಾದ ಸುಳ್ಳನ್ನು ತಾನು ನುಡಿಯಬಾರದು, ಪರರಿಂದ ನುಡಿಸಬಾರದು ಎಂಬುದು ಸತ್ಯಾಣುವ್ರತದ ಸ್ವರೂಪವೆಂದು ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಹೇಳಿದ್ದಾರೆ. ಮನಸ್ಸಿನಲ್ಲಿರುವುದನ್ನೆಲ್ಲ ಸಂತೆಯಲ್ಲಿ ಸಾರಬೇಕೆಂದು ಅವರು ಹೇಳಿಲ್ಲ. ಮೌನವು ವ್ರತಿಗೆ ಭೂಷಣವೇ ಆಗಿದೆ. ನಮ್ಮ ನಾಡಿನ ದನದ ಜಾತ್ರೆಗಳಲ್ಲಿ ದಲ್ಲಾಳಿಗಳು ಟವಲಿನ ಮರೆಯಲ್ಲಿ ಬೆರಳು ಮುಟ್ಟಿಸಿ ಬೆಲೆ ಮಾತನಾಡುವುದುಂಟು. ಪಕ್ಕದವನಿಗೆ ಬೆಲೆ ತಿಳಿಯುವುದಿಲ್ಲ. ಆದರೆ ಬೆರಳು ಸುಳ್ಳು ಹೇಳುವುದಿಲ್ಲ. ಮುಚ್ಚಿಡುವುದು ಬೇರೆ, ಇಲ್ಲದ್ದನ್ನು ಇದೆಯೆಂದು ತೋರಿಸುವುದು ಬೇರೆ. ಮೊದಲನೆಯದು ಗುಪ್ತಿ, ಎರಡನೆಯದು ಮಾಯೆ. ಈ ಒಂದು ಭೇದವನ್ನು ಕೈಯಲ್ಲಿ ಹಿಡಿದು ನಡೆದರೆ ಮುಂದಿನ ಅನೇಕ ತೊಡಕುಗಳು ತಾವಾಗಿಯೇ ಬಿಡಿಸಿಕೊಳ್ಳುತ್ತವೆ.

ಕೊನೆಯ ಗಳಿಗೆಯ ಸವಾಲನ್ನೇ ತೆಗೆದುಕೊಳ್ಳೋಣ. ಏಳು ದಿನಗಳ ಹರಾಜಿನಲ್ಲಿ ಆರೂ ಮುಕ್ಕಾಲು ದಿನ ಸುಮ್ಮನಿದ್ದು, ಮುಗಿಯಲು ಕೆಲವೇ ಸೆಕೆಂಡುಗಳು ಉಳಿದಾಗ ಬೆಲೆ ಹೇಳಿ ಇತರರಿಗೆ ಉತ್ತರಿಸಲು ಸಮಯವೇ ಇಲ್ಲದಂತೆ ಮಾಡುವ ತಂತ್ರವಿದು. ಈ ಕೆಲಸಕ್ಕಾಗಿಯೇ ಯಾಂತ್ರಿಕ ಸಾಧನಗಳೂ ಹುಟ್ಟಿಕೊಂಡಿವೆ. ಆಲ್ವಿನ್ ರಾಥ್ ಮತ್ತು ಆಕ್ಸೆಲ್ ಆಕೆನ್‌ಫೆಲ್ಸ್ ಎಂಬ ವಿದ್ವಾಂಸರು 2002 ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಗಡುವು ಕಟ್ಟುನಿಟ್ಟಾಗಿದ್ದ ಈಬೇಯಲ್ಲಿ ಇಂತಹ ಸವಾಲುಗಳು ಹೆಚ್ಚೆಂದೂ, ತಡವಾಗಿ ಬೆಲೆ ಬಂದರೆ ಗಡುವನ್ನು ಹತ್ತು ನಿಮಿಷ ಮುಂದೂಡುತ್ತಿದ್ದ ಅಮೆಜಾನಿನ ಅಂದಿನ ಹರಾಜಿನಲ್ಲಿ ಅವು ಕಡಿಮೆಯೆಂದೂ ತೋರಿಸಿದರು. ಅಂದರೆ ಮನುಷ್ಯನ ನಡತೆಯನ್ನು ನಿಯಮದ ರಚನೆಯೇ ಬಹುಮಟ್ಟಿಗೆ ರೂಪಿಸುತ್ತದೆ.

ಈ ತಂತ್ರವು ಅತಿಚಾರವೇ? ಇದರಲ್ಲಿ ಸುಳ್ಳು ಮಾತಿಲ್ಲ; ಗಡುವು ಎಲ್ಲರಿಗೂ ಗೊತ್ತಿದ್ದದ್ದು; ಪ್ರತಿಯೊಬ್ಬನಿಗೂ ತನ್ನ ನಿಜವಾದ ಮಿತಿಯನ್ನು ಮೊದಲೇ ಬರೆದಿಡುವ ಅವಕಾಶವಿತ್ತು. ಬರೆದಿಟ್ಟವನನ್ನು ಕೊನೆಯ ಗಳಿಗೆಯವನು ಅವನ ಮಿತಿಯನ್ನು ಮೀರದೆ ಸೋಲಿಸಲಾರನು. ಆದುದರಿಂದ ಈ ಕ್ರಿಯೆಯು ಸ್ವರೂಪತಃ ಚೌರ್ಯವಲ್ಲ. ಒಮ್ಮೆ ನಿಶ್ಚಯಿಸಿದ ಬೆಲೆಯನ್ನು ಒಮ್ಮೆ ಮಾತ್ರ ಹೇಳುವುದರಿಂದ ಸ್ಪರ್ಧೆಯ ಉದ್ವೇಗವು ತಪ್ಪುತ್ತದೆಂಬ ಗುಣವೂ ಇದಕ್ಕುಂಟು. ಆದರೆ ಇತರರು ಕೈಕೈ ಹಿಸುಕಿಕೊಳ್ಳಲಿ ಎಂಬ ಸಂತೋಷದಿಂದ ಮಾಡಿದರೆ ಅಲ್ಲಿ ಭಾವ ಕೆಟ್ಟಿತು. ಗಡುವಿಗಾಗಿ ಅರ್ಧರಾತ್ರಿಯವರೆಗೆ ನಿದ್ದೆಗೆಟ್ಟು ಕುಳಿತರೆ ಆರ್ತಧ್ಯಾನವಾಯಿತು. ಕ್ರಿಯೆ ಒಂದೇ, ಬಂಧವು ಪರಿಣಾಮವನ್ನು ಅನುಸರಿಸುತ್ತದೆ.

ಇನ್ನು ನಿಸ್ಸಂದೇಹವಾಗಿ ತ್ಯಾಜ್ಯವಾದವುಗಳನ್ನು ನೋಡೋಣ. ಮೊದಲನೆಯದು ಹುಸಿ ಸವಾಲು. ಮಾರುವವನು ತಾನೇ ಬೇರೆ ಹೆಸರಿನಿಂದಲೋ, ನಂಟರಿಷ್ಟರ ಮೂಲಕವೋ ತನ್ನ ವಸ್ತುವಿಗೆ ತಾನೇ ಬೆಲೆ ಏರಿಸುವುದು. ಇಂಗ್ಲೆಂಡಿನಲ್ಲಿ 2010 ರಲ್ಲಿ ಅಂತರ್ಜಾಲದಲ್ಲಿ ಹೀಗೆ ಮಾಡಿದ ಒಬ್ಬನಿಗೆ ನ್ಯಾಯಾಲಯವು ದಂಡ ವಿಧಿಸಿತು. ನಮ್ಮ ದೇಶದ 1930 ರ ಸರಕುಗಳ ಮಾರಾಟ ಅಧಿನಿಯಮದ 64 ನೆಯ ಪ್ರಕರಣವೂ ಸ್ಪಷ್ಟವಾಗಿದೆ: ಬೆಲೆ ಏರಿಸಲು ಮಾರುವವನು ಹುಸಿ ಸವಾಲನ್ನು ಬಳಸಿದ್ದರೆ ಕೊಂಡವನು ಆ ವಿಕ್ರಯವನ್ನು ತಿರಸ್ಕರಿಸಬಹುದು. ವ್ರತದ ದೃಷ್ಟಿಯಲ್ಲಿ ಇದು ಕೂಟಲೇಖಕ್ರಿಯೆ. ಇಲ್ಲದ ಗಿರಾಕಿಯನ್ನು ಬರೆಹದಲ್ಲಿ ಸೃಷ್ಟಿಸಿದಂತಾಯಿತು. ‘ನಾನು ಮಾಡಲಿಲ್ಲ, ನನ್ನ ಭಾವಮೈದುನ ಮಾಡಿದ’ ಎಂಬ ಸಮಾಧಾನ ಇಲ್ಲಿ ನಡೆಯದು. ಕೃತ, ಕಾರಿತ, ಅನುಮೋದನೆ ಎಂಬ ಮೂರರಲ್ಲಿ ಯಾವುದರಿಂದಲಾದರೂ ದೋಷ ತಗಲುತ್ತದೆ.

ಎರಡನೆಯದು ಕೊಳ್ಳುವವರ ಕಪಟ. ಜೊತೆಗಾರನೊಬ್ಬನಿಂದ ಆಕಾಶಕ್ಕೇರುವ ಬೆಲೆ ಕೂಗಿಸಿ, ಇತರರು ಹಿಂದೆ ಸರಿದ ಮೇಲೆ ಕೊನೆಯಲ್ಲಿ ಅದನ್ನು ಹಿಂತೆಗೆಸಿ, ತಾನು ಅಲ್ಪ ಬೆಲೆಗೆ ವಸ್ತುವನ್ನು ಪಡೆಯುವುದು. ಸುತ್ತಿಗೆ ಬೀಳುವವರೆಗೆ ಸವಾಲನ್ನು ಹಿಂತೆಗೆಯಬಹುದೆಂದು ಅದೇ 64 ನೆಯ ಪ್ರಕರಣ ಹೇಳುತ್ತದೆ. ಆದರೆ ನ್ಯಾಯಾಲಯದ ಅನುಮತಿಯೆಲ್ಲ ವ್ರತದ ಅನುಮತಿಯಲ್ಲ. ಅಂಕಿಯನ್ನು ತಪ್ಪಾಗಿ ಒತ್ತಿದವನು ಹಿಂತೆಗೆಯುವುದು ಬೇರೆ. ಹಿಂತೆಗೆಯುವುದಕ್ಕಾಗಿಯೇ ಕೂಗುವುದು ಬೇರೆ. ಎರಡನೆಯದರಲ್ಲಿ ಸವಾಲೇ ಒಂದು ಸುಳ್ಳು.

ಮೂರನೆಯದು ಕೂಟ ಕಟ್ಟುವುದು. ಇದು ಎಲ್ಲಕ್ಕಿಂತ ಹೆಚ್ಚಾಗಿ ಹಿಂಸೆಗೆ ಸಮೀಪವಾದದ್ದು. 2002 ರ ಸರ್ಫೇಸಿ ಕಾಯಿದೆಯಂತೆ ಬ್ಯಾಂಕುಗಳು ಸಾಲಗಾರನ ಮನೆಯನ್ನು ಹರಾಜಿಗಿಟ್ಟಾಗ, ಬ್ಯಾಂಕಿನ ಸಾಲ ಮತ್ತು ಖರ್ಚು ತೀರಿದ ಮೇಲೆ ಉಳಿದ ಹಣವು ಅದಕ್ಕೆ ಹಕ್ಕುಳ್ಳವರಿಗೆ, ಸಾಮಾನ್ಯವಾಗಿ ಆ ಸಾಲಗಾರನಿಗೇ, ಸಲ್ಲಬೇಕು. ಕೊಳ್ಳುವವರು ಮೊದಲೇ ಮಾತನಾಡಿಕೊಂಡು ‘ನೀವು ಕೂಗಬೇಡಿ, ಮುಂದಿನದನ್ನು ನಿಮಗೆ ಬಿಡುತ್ತೇವೆ’ ಎಂದು ಬೆಲೆಯನ್ನು ಅದುಮಿ ಹಿಡಿದರೆ, ಅವರ ಕೈಗೆ ಬಂದ ಲಾಭ ಬ್ಯಾಂಕಿನದಲ್ಲ. ಮನೆ ಕಳೆದುಕೊಂಡ ಸಂಸಾರದ ಕೊನೆಯ ಆಸರೆ ಅದು. ಸಾಲ ಪೂರ್ತಿ ತೀರದಿದ್ದರೆ ಉಳಿದ ಬಾಕಿಯ ಹೊರೆಯೂ ಅವರ ತಲೆಯ ಮೇಲೆಯೇ ಇರುತ್ತದೆ. ಕೂಟ ಕಟ್ಟಿ ಸವಾಲು ಹಾಕುವುದನ್ನು 2002 ರ ಸ್ಪರ್ಧಾ ಅಧಿನಿಯಮವೂ ನಿಷೇಧಿಸಿದೆ. ನಿಷೇಧಿಸದಿದ್ದರೂ ದಯಾಮೂಲವಾದ ಧರ್ಮವನ್ನು ನಂಬಿದವನು ಇಂತಹ ಮನೆಯ ಹೊಸ್ತಿಲನ್ನು ನೆಮ್ಮದಿಯಿಂದ ದಾಟಲಾರನು. ಜಪ್ತಿಯ ಮನೆಯನ್ನು ಕೊಳ್ಳುವುದೇ ತಪ್ಪೆಂದು ಇದರ ಅರ್ಥವಲ್ಲ; ಕೊಳ್ಳುವವರೇ ಇಲ್ಲದಿದ್ದರೆ ಸಾಲಗಾರನಿಗೆ ಇನ್ನೂ ಹಾನಿ. ನ್ಯಾಯವಾದ ಸ್ಪರ್ಧೆಯಲ್ಲಿ ನ್ಯಾಯವಾದ ಬೆಲೆ ಕೊಟ್ಟು ಕೊಳ್ಳಬೇಕು ಎಂಬುದಷ್ಟೇ ತಾತ್ಪರ್ಯ.

ಹರಾಜಲ್ಲದೆ, ‘ನಿಮ್ಮ ಬೆಲೆ ಹೇಳಿ’ ಎಂದು ಮಾರುವವರು ಕೇಳುವ ಪದ್ಧತಿಯೂ ಈ ತಾಣಗಳಲ್ಲಿದೆ. ಅಲ್ಲಿ ಕಡಿಮೆ ಕೇಳುವುದು ದೋಷವಲ್ಲ. 5000 ರೂಪಾಯಿ ಎಂದು ಬರೆದ ವಸ್ತುವನ್ನು 3500 ಕ್ಕೆ ಕೊಡುವಿರಾ ಎಂದು ಕೇಳುವುದು ಒಂದು ಪ್ರಶ್ನೆ, ಪ್ರಶ್ನೆಗೆ ಸತ್ಯಾಸತ್ಯವಿಲ್ಲ. ಆದರೆ ‘ಇದೇ ನನ್ನ ಕೊನೆಯ ಮಾತು’ ಎಂದು ಬರೆದು ಮರುದಿನ ಐನೂರು ಹೆಚ್ಚಿಸುವುದು, ‘ಬೇರೆಡೆ ಮೂರು ಸಾವಿರಕ್ಕೆ ಸಿಗುತ್ತಿದೆ’ ಎಂದು ಇಲ್ಲದ ಅಂಗಡಿಯನ್ನು ಹುಟ್ಟಿಸುವುದು, ವಸ್ತುವಿನಲ್ಲಿ ಇಲ್ಲದ ಊನವನ್ನು ಎತ್ತಿ ಆಡುವುದು, ಇವು ವ್ಯಾಪಾರದ ಮಾತೆಂದು ಲೋಕ ಕ್ಷಮಿಸಿದರೂ ಸುಳ್ಳುಗಳೇ. ಮಾರುವವನಿಗೆ ವಸ್ತುವಿನ ಯೋಗ್ಯತೆ ತಿಳಿಯದಿದ್ದಾಗ ಏನು ಮಾಡಬೇಕೆಂಬ ಪ್ರಶ್ನೆ ಇದಕ್ಕಿಂತ ಸೂಕ್ಷ್ಮವಾದದ್ದು. ವರ್ಷಗಟ್ಟಲೆ ಅಭ್ಯಾಸ ಮಾಡಿ ನಾಣ್ಯಗಳನ್ನು ಬಲ್ಲವನಾದವನು ತನ್ನ ತಿಳಿವಳಿಕೆಯ ಫಲವನ್ನು ಪಡೆಯುವುದು ಅನ್ಯಾಯವಲ್ಲ. ಆದರೆ ಮಾರುವವನೇ ‘ಇದರ ಬೆಲೆ ಎಷ್ಟಿರಬಹುದು?’ ಎಂದು ನಂಬಿ ಕೇಳಿದಾಗ ತಪ್ಪು ಹೇಳಿದರೆ ಅದು ಮಿಥ್ಯೋಪದೇಶದ ಮಗ್ಗುಲಿಗೇ ಬಂತು. ನಂಬಿಕೆ ಇಟ್ಟ ಕ್ಷಣದಿಂದ ಅವನು ಪ್ರತಿಸ್ಪರ್ಧಿಯಲ್ಲ, ಆಶ್ರಿತ.

ಜೈನಬಂಧುಗಳು ವಿಶೇಷವಾಗಿ ಗಮನಿಸಬೇಕಾದ ವಿಷಯ ಇನ್ನೊಂದಿದೆ. ಪ್ರಾಚೀನ ಜಿನಬಿಂಬಗಳೂ ಹಸ್ತಪ್ರತಿಗಳೂ ದೇಶವಿದೇಶಗಳ ಹರಾಜಿಗೆ ಬರುವುದುಂಟು. ‘ಭಗವಂತನ ಬಿಂಬ ಅನ್ಯರ ಶೋಭೆಯ ಕಪಾಟು ಸೇರುವುದಕ್ಕಿಂತ ನಾವೇ ಕೊಂಡು ಬಸದಿಯಲ್ಲಿ ಇರಿಸೋಣ’ ಎಂಬ ಭಕ್ತಿಯು ಸಹಜವೇ ಆಗಿದೆ. ಆದರೆ ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ತದಾಹೃತಾದಾನ, ಅಂದರೆ ಕದ್ದು ತಂದದ್ದನ್ನು ಕೊಳ್ಳುವುದು, ಸೇರಿದೆ. ಕೊಳ್ಳುವವನ ಉದ್ದೇಶ ಒಳ್ಳೆಯದಾದರೆ ಅದು ಅತಿಚಾರವಲ್ಲ ಎಂಬ ವಿನಾಯಿತಿ ಅಲ್ಲಿಲ್ಲ. ಒಂದು ಬಿಂಬಕ್ಕೆ ಭಕ್ತನು ಕೊಟ್ಟ ದೊಡ್ಡ ಬೆಲೆಯ ಸುದ್ದಿಯು ಇನ್ನೊಂದು ಬಸದಿಯ ಬೀಗ ಮುರಿಯುವವನಿಗೆ ಪ್ರೇರಣೆಯಾಗುತ್ತದೆ. 1972 ರ ಪುರಾವಸ್ತು ಮತ್ತು ಕಲಾನಿಧಿ ಅಧಿನಿಯಮದಂತೆ ನೂರು ವರ್ಷ ಮೀರಿದ ವಿಗ್ರಹಾದಿಗಳೂ, ಮಹತ್ತ್ವವುಳ್ಳ ಎಪ್ಪತ್ತೈದು ವರ್ಷ ಮೀರಿದ ಹಸ್ತಪ್ರತಿಗಳೂ ಪುರಾವಸ್ತುಗಳು. ಅವುಗಳ ವ್ಯಾಪಾರಕ್ಕೆ ಪರವಾನಗಿ ಬೇಕು, ಖಾಸಗಿಯಾಗಿ ಹೊರದೇಶಕ್ಕೆ ಒಯ್ಯುವಂತಿಲ್ಲ. ಆದುದರಿಂದ ಸವಾಲು ಹಾಕುವ ಮೊದಲು ವಸ್ತು ಎಲ್ಲಿಂದ ಬಂತೆಂದು ಕೇಳಬೇಕು. ಸಂದೇಹ ಬಂದರೆ ಸರಕಾರದ ಪುರಾತತ್ತ್ವ ಇಲಾಖೆಗೆ ತಿಳಿಸಬೇಕು. 1898 ರಲ್ಲಿ ಪಿಪ್ರಾಹ್ವಾದ ಸ್ತೂಪದಲ್ಲಿ ದೊರೆತ ಬೌದ್ಧ ಪವಿತ್ರ ರತ್ನಗಳನ್ನು 2025 ರ ಮೇ ತಿಂಗಳಲ್ಲಿ ಹಾಂಗ್‌ಕಾಂಗಿನಲ್ಲಿ ಹರಾಜಿಗಿಟ್ಟಾಗ ಭಾರತ ಸರಕಾರ ಕಾನೂನಿನ ನೋಟೀಸು ನೀಡಿತು, ಹರಾಜು ನಿಂತಿತು, ಭಾರತೀಯ ಉದ್ಯಮ ಸಂಸ್ಥೆಯೊಂದರ ನೆರವಿನಿಂದ ಜುಲೈ ತಿಂಗಳಲ್ಲಿ ಅವು ಸ್ವದೇಶಕ್ಕೆ ಬಂದವು. ಸವಾಲಿನ ಕೂಗಿಗಿಂತ ಮೊದಲು ಹಕ್ಕಿನ ಮಾತು ಬಂದದ್ದರಿಂದ ಇದು ಸಾಧ್ಯವಾಯಿತೆಂಬುದನ್ನು ಮರೆಯಬಾರದು.

ಇನ್ನು ಉಪವಾಸದ ಪ್ರಶ್ನೆ. ತ್ರಯೋದಶಿಯಂದು ಯಂತ್ರಕ್ಕೆ ಮಿತಿಯನ್ನು ಒಪ್ಪಿಸಿ, ಚತುರ್ದಶಿಯಂದು ಪ್ರೋಷಧೋಪವಾಸ ಹಿಡಿದು ಬಸದಿಯಲ್ಲಿ ಕುಳಿತವನ ಸವಾಲು ಆ ದಿನವಿಡೀ ತಾನಾಗಿಯೇ ಏರುತ್ತಿರುತ್ತದೆ. ಅವನು ಕೈಯನ್ನು ಅಲ್ಲಾಡಿಸಲಿಲ್ಲ. ಹಾಗಾದರೆ ಅವನ ಆರಂಭತ್ಯಾಗ ನಿರ್ದೋಷವೇ? ಪರ್ವದಿನ ಅಂಗಡಿಯ ಬೀಗದ ಕೈಯನ್ನು ಗುಮಾಸ್ತನಿಗೆ ಕೊಟ್ಟು, ‘ಇಷ್ಟಕ್ಕೆ ಮಾರು, ಇಷ್ಟಕ್ಕೆ ಕೊಳ್ಳು’ ಎಂದು ಹೇಳಿ ಬಂದವನು ಆರಂಭವನ್ನು ಬಿಟ್ಟಂತಾಯಿತೇ? ಕೈಯನ್ನು ಬದಲಿಸಿದನಷ್ಟೇ. ಗುಮಾಸ್ತನ ಸ್ಥಾನದಲ್ಲಿ ಯಂತ್ರವಿದ್ದರೂ ಸಂಕಲ್ಪ ಇವನದೇ. ಯಂತ್ರಕ್ಕೆ ಕಷಾಯವಿಲ್ಲ, ಅದನ್ನು ನಿಯೋಜಿಸಿದವನಿಗುಂಟು. ಆದುದರಿಂದ ಅಷ್ಟಮಿ, ಚತುರ್ದಶಿಗಳಲ್ಲಿಯೂ ದಶಲಕ್ಷಣ ಪರ್ವದಲ್ಲಿಯೂ ವ್ರತ ಹಿಡಿಯುವವರು ತಮ್ಮ ಸವಾಲು ಆ ದಿನಗಳಿಗೆ ಹರಡದಂತೆ ನೋಡಿಕೊಳ್ಳುವುದು ಮೇಲು. ಉತ್ತಮ ಆರ್ಜವದ ಪೂಜೆಯನ್ನು ಮಾಡುತ್ತಿರುವಾಗ ಜೇಬಿನಲ್ಲಿ ಮಾಯೆಯ ವ್ಯವಹಾರ ಗುಣುಗುಟ್ಟುತ್ತಿರುವುದು ಶೋಭಿಸದು.

ಕೊನೆಯದಾಗಿ, ಗೆದ್ದ ಮೇಲಿನ ಸ್ಥಿತಿ. 1971 ರಲ್ಲಿ ಅಮೆರಿಕದ ತೈಲೋದ್ಯಮದ ಮೂವರು ಇಂಜಿನಿಯರುಗಳು, ತೈಲದ ಗುತ್ತಿಗೆಗೆ ನಡೆಯುವ ಹರಾಜುಗಳಲ್ಲಿ ಗೆದ್ದವರೇ ನಷ್ಟಕ್ಕೆ ಗುರಿಯಾಗುವ ಕಾರಣವನ್ನು ವಿವರಿಸಿದರು. ಅನೇಕರು ಒಂದು ವಸ್ತುವಿನ ಬೆಲೆಯನ್ನು ಅಂದಾಜು ಮಾಡುವಾಗ ಎಲ್ಲರಿಗಿಂತ ಹೆಚ್ಚು ತಪ್ಪಿ ಮೇಲಕ್ಕೆ ಹೋದವನೇ ಗೆಲ್ಲುವ ಸಂಭವವುಂಟು. ಇದನ್ನು ‘ಗೆದ್ದವನ ಶಾಪ’ ಎನ್ನುತ್ತಾರೆ. ಪರಿಮಿತ ಪರಿಗ್ರಹಕ್ಕೆ ಸಮಂತಭದ್ರರು ಹೇಳಿದ ಐದು ವಿಕ್ಷೇಪಗಳಲ್ಲಿ ಅತಿಸಂಗ್ರಹ, ವಿಸ್ಮಯ, ಲೋಭಗಳು ಸೇರಿವೆ. ಇತರರಿಗೆ ಬಂದ ಲಾಭವನ್ನು ಕಂಡು ಬೆರಗಾಗಿ ಕೊರಗುವುದು, ಯೋಗ್ಯ ಲಾಭ ಬಂದರೂ ಇನ್ನಷ್ಟಕ್ಕೆ ಹಂಬಲಿಸುವುದು, ಇವು ಹರಾಜಿನಲ್ಲಿ ಸೋತವನಿಗೂ ಗೆದ್ದವನಿಗೂ ಸಮಾನವಾದ ರೋಗಗಳು. ಸೋತವನು ‘ಇನ್ನು ಐವತ್ತು ಹೆಚ್ಚಿಸಬೇಕಿತ್ತು’ ಎಂದು ಕೊರಗುತ್ತಾನೆ. ಗೆದ್ದವನು ‘ಇನ್ನು ಐವತ್ತು ಕಡಿಮೆಗೇ ಬರುತ್ತಿತ್ತೇನೋ’ ಎಂದು ಕೊರಗುತ್ತಾನೆ. ವಸ್ತುವು ಒಬ್ಬನ ಮನೆಗೆ ಹೋಯಿತು. ಸಂಕ್ಲೇಶವು ಇಬ್ಬರ ಮನೆಗೂ ಹೋಯಿತು.

ಇದಕ್ಕೆ ಔಷಧವು ನಮ್ಮ ಹಿರಿಯರು ಹಾಕಿಕೊಟ್ಟ ಪರಿಮಾಣವೇ. ಮಿತಿಯನ್ನು ಹರಾಜಿನ ಬಿಸಿಯಲ್ಲಿ ನಿಶ್ಚಯಿಸುವುದಲ್ಲ. ಅದಕ್ಕೆ ಮೊದಲೇ, ಮನಸ್ಸು ಶಾಂತವಾಗಿದ್ದಾಗ, ಈ ವಸ್ತು ನನಗೆ ಬೇಕೇ, ನಾನು ಹಿಡಿದ ಪರಿಗ್ರಹದ ಎಲ್ಲೆಯೊಳಗೆ ಇದಕ್ಕೆ ಸ್ಥಳವಿದೆಯೇ ಎಂದು ಕೇಳಿಕೊಂಡು, ಒಂದು ಅಂಕಿಯನ್ನು ನಿಶ್ಚಯಿಸಿ, ಅದನ್ನು ಒಮ್ಮೆ ಹೇಳಿ ಸುಮ್ಮನಾಗಬೇಕು. ಹೇಳಿದ ಬೆಲೆಗೆ ಬಂದರೆ ತಡಮಾಡದೆ ಹಣ ಸಲ್ಲಿಸಬೇಕು. ಬರದಿದ್ದರೆ ಅದು ನನ್ನದಾಗಿರಲಿಲ್ಲವೆಂದು ಬಿಡಬೇಕು. ಹುಸಿ ಸವಾಲು, ಕೂಟ, ಕಪಟದ ಹಿಂತೆಗೆತಗಳನ್ನು ಮನೋವಚನಕಾಯಗಳಿಂದ ವರ್ಜಿಸಬೇಕು. ಇಷ್ಟನ್ನು ನಿಯಮವಾಗಿ ಹಿಡಿದ ಗೃಹಸ್ಥನಿಗೆ ಹರಾಜಿನ ತಾಣವೂ ಒಂದು ಅಭ್ಯಾಸಶಾಲೆಯಾದೀತು.

ವಿಕ್ರಿಯವರ ಗಣಿತವು ನಿಜವಾದ ಬೆಲೆಯನ್ನು ಬರೆಯುವವನಿಗೆ ನಷ್ಟವಿಲ್ಲವೆಂದು ತೋರಿಸಿತು. ಆದರೆ ನಷ್ಟವಿಲ್ಲವೆಂಬ ಕಾರಣಕ್ಕಾಗಿ ಸತ್ಯವನ್ನು ಹಿಡಿದವನು, ನಷ್ಟ ಬಂದ ದಿನ ಅದನ್ನು ಬಿಡುತ್ತಾನೆ. ವ್ರತಕ್ಕೂ ಉಪಾಯಕ್ಕೂ ಇರುವ ಅಂತರ ಇದೇ ಆಗಿದೆ. ಉಪಾಯವು ಲಾಭವಿರುವವರೆಗೆ ನಡೆಯುತ್ತದೆ. ವ್ರತವು ಲಾಭ ನಿಂತಲ್ಲಿಂದ ಮುಂದೆಯೂ ನಡೆಯಬೇಕು. ಶ್ರಾವಕ ಶ್ರಾವಿಕೆಯರು ತಮ್ಮ ಮನೆಗಳಲ್ಲಿ, ವಿಶೇಷವಾಗಿ ಈ ಹೊಸ ಸಂತೆಯಲ್ಲಿ ನುರಿತ ಮಕ್ಕಳೊಡನೆ, ಈ ವಿಷಯವನ್ನು ಕುಳಿತು ವಿಚಾರಿಸಲಿ.